ಅಮ್ಮಿಯ ಬಿಸಿನೀರು

"ನಾನಿಗೆ ಎಪ್ಪತ್ತೆರಡು ತುಂಬಿತು. ಈ ಸಲ ಸೀರೆ ಬೇಡ, ಬಳೆ ಬೇಡ. ಎರಡು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗೋಣ" ಎಂದು ಬೆಂಗಳೂರಿನಿಂದ ಬಂದ ಮಗಳು ದಸ್ತರ್‌ಖಾನ್ ಎತ್ತುವ ಮೊದಲೇ ಘೋಷಿಸಿಬಿಟ್ಟಳು. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದಳು. ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ಹೆಂಚಿನ ಕಾಟೇಜು. ಅದರ ಹಿಂಬದಿಯ ಜಗಲಿಯಲ್ಲಿ ದುಂಡಗಿನ ದೊಡ್ಡ ಮರದ ತೊಟ್ಟಿ. ಅದರ ತುಂಬ ಹಬೆಯಾಡುವ ನೀರು.

"ಹಾಟ್ ಟಬ್. ಪ್ರೈವೇಟ್. ಆ ಕಾಟೇಜಿನಲ್ಲಿ ಇರುವವರಿಗೆ ಮಾತ್ರ."

ಅಮ್ಮಿ ಕನ್ನಡಕ ಏರಿಸಿಕೊಂಡು ನೋಡಿದರು. "ಅರೇ, ಬಿಸಿನೀರಿನ ತೊಟ್ಟಿಯಲ್ಲವೇ ಇದು? ಸ್ನಾನ ಮಾಡುವುದಕ್ಕೆ ಯಾರಾದರೂ ಚಿಕ್ಕಮಗಳೂರಿಗೆ ಹೋಗುತ್ತಾರಾ?"

ಎಲ್ಲರೂ ನಕ್ಕೆವು. ಆ ರಾತ್ರಿ ನನಗೆ ಮಾತ್ರ ಬೇಗ ನಿದ್ದೆ ಬರಲಿಲ್ಲ. ದಾವಣಗೆರೆಯ ನಮ್ಮ ಹಳೆಯ ಮನೆಯ ಬಚ್ಚಲು ಕಣ್ಣ ಮುಂದೆ ಬಂತು. ಮನೆಯ ಉರ್ದುವಿನಲ್ಲಿ ನಾವು ಅದನ್ನು ಹಮಾಮ್ ಎನ್ನುತ್ತಿದ್ದೆವು. ಬೀದರ್ ಕೋಟೆಯಲ್ಲಿ ಸುಲ್ತಾನರ ಕಾಲದ ಶಾಹಿ ಹಮಾಮ್ ನೋಡಿದಾಗ, ಅಷ್ಟು ದೊಡ್ಡ ಕಟ್ಟಡಕ್ಕೂ ನಮ್ಮ ಮಸಿ ಹಿಡಿದ ಬಚ್ಚಲಿಗೂ ಒಂದೇ ಹೆಸರಲ್ಲ ಎಂದು ನನಗೆ ನಗು ಬಂದಿತ್ತು. ನಮ್ಮದರಲ್ಲಿ ಇದ್ದದ್ದು ಒಂದು ತಾಮ್ರದ ಹಂಡೆ, ಒಂದು ಕಲ್ಲು, ಒಂದು ಚೊಂಬು. ಫಜ್ರ್ ನಮಾಝ್ ಮುಗಿಸಿದ ಅಮ್ಮಿ ಶೇಂಗಾ ಸಿಪ್ಪೆ, ಮೆಕ್ಕೆಜೋಳದ ದಿಂಡು ಹಾಕಿ ಒಲೆ ಹಚ್ಚುತ್ತಿದ್ದರು. ಎಂಟು ಜನರ ಸ್ನಾನ. ಮೊದಲು ಅಬ್ಬಾ, ಆಮೇಲೆ ದಾದಿ, ಆಮೇಲೆ ನಾವು ಮಕ್ಕಳು. ಬಾಣಂತಿಯರಿಗೆ ನಲವತ್ತು ದಿನ ನೀರು ಹಾಕಿದ ಕೈಗಳೂ ಅವೇ, ಈದ್‌ನ ಬೆಳಗ್ಗೆ ನಮ್ಮ ಬೆನ್ನು ತಿಕ್ಕಿದ ಕೈಗಳೂ ಅವೇ. ತಮ್ಮ ಸರದಿ ಬರುವ ಹೊತ್ತಿಗೆ ಹಂಡೆಯ ತಳದಲ್ಲಿ ಎರಡು ಚೊಂಬು ನೀರು ಉಳಿದಿರುತ್ತಿತ್ತು. ಅದಕ್ಕೇ ತಣ್ಣೀರು ಬೆರೆಸಿಕೊಂಡು ಐದು ನಿಮಿಷದಲ್ಲಿ ಹೊರಗೆ ಬರುತ್ತಿದ್ದರು.

ನೀರಿನಲ್ಲಿ ಮೈ ಮುಳುಗಿಸಿ ಅಮ್ಮಿ ಕೂತದ್ದು ಕೊನೆಯ ಸಲ ಯಾವಾಗ? ಮರುದಿನ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹನ್ನೊಂದು ವರ್ಷದವಳಿದ್ದಾಗ." ಅವರ ತವರು ಹೊನ್ನಾಳಿ ಕಡೆಯ, ತುಂಗಭದ್ರಾ ದಂಡೆಯ ಹಳ್ಳಿ. ಬಟ್ಟೆ ಒಗೆಯಲು ಹೋದ ಹೆಂಗಸರ ಜೊತೆ ಈ ಹುಡುಗಿ ಹೊಳೆಗಿಳಿದು ಈಜುತ್ತಿದ್ದಳಂತೆ. ಒಂದು ದಿನ ಅಣ್ಣ ನೋಡಿದ. ಮಾರನೆಯ ದಿನದಿಂದ ಹೊಳೆ ಬಂದ್. "ದೊಡ್ಡವಳಾಗಿದ್ದೆನಲ್ಲ" ಎಂದರು ಅಮ್ಮಿ, ಅಣ್ಣನ ಪರ ವಹಿಸುವವರಂತೆ. ಅಂದಿನಿಂದ ಅರವತ್ತೊಂದು ವರ್ಷ!

ಮಗಳಿಗೆ 'ಪ್ರೈವೇಟ್' ಎಂಬ ಶಬ್ದ ಒಂದು ಶೋಕಿ, ಕೋಣೆಯ ಬಾಡಿಗೆ ಹೆಚ್ಚಿಸುವ ವಿಶೇಷಣ. ಅಮ್ಮಿಯಂಥವರಿಗೆ ಹಾಗಲ್ಲ. ನಾಲ್ಕು ಗೋಡೆ ಇದ್ದರೆ ಮಾತ್ರ ನೀರು, ಇಲ್ಲದಿದ್ದರೆ ಇಲ್ಲ. ನಮ್ಮ ಜನರ ಪ್ರವಾಸದ ಫೋಟೋಗಳನ್ನು ನೋಡಿ. ಜಲಪಾತದಲ್ಲಿ ಗಂಡಸರು, ಮಕ್ಕಳು ನೆನೆಯುತ್ತಿರುತ್ತಾರೆ. ಹೆಂಗಸರು ಬಂಡೆಯ ಮೇಲೆ ಬುರ್ಖಾದಲ್ಲಿ, ಚಪ್ಪಲಿ, ಪರ್ಸು, ಬಿರಿಯಾನಿಯ ಡಬ್ಬಿ ಕಾಯುತ್ತ ಕೂತಿರುತ್ತಾರೆ. ನಾನೂ ಎಷ್ಟೋ ಸಲ ಹಾಗೆ ಕೂತಿದ್ದೇನೆ.

ಅಮ್ಮಿ ಮಾತ್ರ ಒಪ್ಪಲಿಲ್ಲ. ಖರ್ಚು, ಈ ವಯಸ್ಸು, ಜನ ಏನಂದಾರು. ಆಗ ಮಗಳು ಒಂದು ಕಥೆ ಹೇಳಿದಳು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಜಕೂಝಿ ಎಂಬ ಕುಟುಂಬ ನೀರಿನ ಪಂಪು ತಯಾರಿಸುತ್ತಿತ್ತು. ಆ ಸಹೋದರರಲ್ಲಿ ಕಿರಿಯವನಾದ ಕ್ಯಾಂಡಿಡೊನ ಪುಟ್ಟ ಮಗನಿಗೆ ಕೀಲುವಾತ. ಬಿಸಿನೀರಿನ ಚಿಕಿತ್ಸೆಯಿಂದ ಮಗನ ನೋವು ಇಳಿಯುವುದನ್ನು ಕಂಡ ತಂದೆ, ಮನೆಯ ಸ್ನಾನದ ತೊಟ್ಟಿಯಲ್ಲೇ ನೀರು ಸುಳಿಯಾಡುವಂತೆ ಮಾಡುವ ಪಂಪನ್ನು ರೂಪಿಸಿದ. 1956ರಲ್ಲಿ ಅದು ಮಾರುಕಟ್ಟೆಗೂ ಬಂತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಝಿ ಪಂಪನ್ನು ತೊಟ್ಟಿಯೊಳಗೇ ಅಳವಡಿಸಿದ. ಇಂದು ಸಿರಿವಂತರ ಮೋಜಿನ ಗುರುತಾಗಿರುವ ವಸ್ತುವಿನ ಮೂಲದಲ್ಲಿ ಇದ್ದದ್ದು ಒಂದು ಮಗುವಿನ ನೋವು.

"ಹಾಗಾದರೆ ಅದು ದವಾ" ಎಂದರು ಅಮ್ಮಿ, ತಮ್ಮ ಮಂಡಿ ಸವರಿಕೊಳ್ಳುತ್ತ. "ದವಾ ಆದರೆ ಹೋಗೋಣ."

ಮಗಳು ಗೆದ್ದೆನೆಂದು ಕುಣಿದಳು. ನನಗೆ ಮಾತ್ರ ಎಲ್ಲೋ ಚುಚ್ಚಿತು. ಸುಖಪಡಲು ನಮ್ಮ ಹೆಂಗಸರಿಗೆ ಕಾಯಿಲೆಯ ನೆಪ ಏಕೆ ಬೇಕು? ಮಂಡಿ ನೋಯದಿದ್ದರೆ ಅಮ್ಮಿಗೆ ಆ ನೀರಿನ ಮೇಲೆ ಹಕ್ಕಿರಲಿಲ್ಲವೇ?

ದವಾ ಅಂದಮೇಲೆ ಡಾಕ್ಟರರನ್ನು ಕೇಳಲೇಬೇಕು. ಅಮ್ಮಿಗೆ ರಕ್ತದೊತ್ತಡವಿದೆ. "ನೀರು 38 ಡಿಗ್ರಿ ದಾಟಬಾರದು, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಒಬ್ಬರೇ ಇಳಿಯಬಾರದು, ಏಳುವಾಗ ನಿಧಾನ" ಎಂದರು. ದಿನಾಂಕವನ್ನೂ ಯೋಚಿಸಿಯೇ ಗೊತ್ತುಮಾಡಬೇಕಾಯಿತು. ಮಳೆಗಾಲ ಬೇಡ, ಜಿಗಣೆ. ಏಪ್ರಿಲ್ ಬೇಡ, ನೀರಿನ ಅಭಾವ. ಡಿಸೆಂಬರಿನಲ್ಲಿ ದತ್ತ ಜಯಂತಿಯ ದಿನಗಳು ಬೇಡ, ಆಗ ಗಿರಿಯ ದಾರಿಯಲ್ಲೆಲ್ಲ ಪೊಲೀಸ್ ಬಂದೋಬಸ್ತು. ಹಜ್‌ನಿಂದ ಮರಳುವಾಗ ಬಾಬಾ ಬುಡನ್ ಯೆಮೆನಿನಿಂದ ಏಳು ಕಾಫಿ ಬೀಜ ತಂದು ಆ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಹೋಂಸ್ಟೇಗಳು ತಮ್ಮ ಜಾಹೀರಾತಿನಲ್ಲೂ ಬರೆದುಕೊಳ್ಳುತ್ತವೆ. ಅದೇ ಬೆಟ್ಟಕ್ಕೆ ಹೋಗಲು ನಾವು ಕ್ಯಾಲೆಂಡರ್ ನೋಡುತ್ತೇವೆ. ಕೊನೆಗೆ ಜನವರಿಯ ಎರಡನೇ ವಾರ ಎಂದಾಯಿತು.

ಮಗಳು ತೋರಿಸಿದ್ದ ಆ ಮೊದಲ ಕಾಟೇಜಿಗೆ ನಾನೇ ಫೋನ್ ಮಾಡಿದೆ. ದಿನಾಂಕ ಖಾಲಿಯಿದೆ ಎಂದರು, ಬಾಡಿಗೆ ಹೇಳಿದರು. ಕೊನೆಯಲ್ಲಿ ಹೆಸರು ಕೇಳಿದರು. ಹೇಳಿದೆ. "ಒಂದು ನಿಮಿಷ ಇರಿ ಮೇಡಂ... ಓ, ಫುಲ್ ಆಗಿದೆಯಲ್ಲ." ಮಗಳ ಮೊಬೈಲಿನಲ್ಲಿ ಆ ದಿನಾಂಕ ಮರುದಿನವೂ ಖಾಲಿಯೆಂದೇ ತೋರಿಸುತ್ತಿತ್ತು. ನಿಜವಾಗಿಯೂ ಬೇರೆ ಕಾರಣ ಇದ್ದಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಇಂಥ ಹೊತ್ತಿನಲ್ಲಿ ಹಾಗೆ ಹೇಳಿಕೊಳ್ಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಅಮ್ಮಿಗೆ ತಿಳಿಸಲಿಲ್ಲ.

ಇನ್ನೊಂದು ಕಡೆ ಫೋನ್ ಎತ್ತಿದವರು ತೋಟದ ಯಜಮಾನಿಯೇ. ದನಿಯಿಂದ ವಯಸ್ಸಾದವರೆಂದು ತಿಳಿಯಿತು. ಈ ಸಲ ಮೊದಲೇ ನನ್ನ ಹೆಸರು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಾಯಿ ಮೆಟ್ಟಿಲು ಎಷ್ಟು ಹತ್ತುತ್ತಾರೆ?" ತೊಟ್ಟಿಗೆ ಮೂರು ಮೆಟ್ಟಿಲಂತೆ. ಹಿಡಿದುಕೊಳ್ಳಲು ಕಟಕಟೆ ಹಾಕಿಸುತ್ತೇನೆ ಎಂದರು. ಆ ಒಂದು ಮಾತಿಗೆ ನನ್ನ ಗಂಟಲು ಕಟ್ಟಿತು.

ಉಳಿದ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿದೆ. ಹಿಂದಿನ ದಿಬ್ಬದಿಂದ ಯಾರಿಗಾದರೂ ಕಾಣುತ್ತದೆಯೇ? ಮೂರು ಕಡೆ ಗೋಡೆ, ಮುಂದೆ ತಟ್ಟಿ ಕಟ್ಟಿಸೋಣ. ಕ್ಯಾಮೆರಾ? ಗೇಟಿನಲ್ಲಿ ಮಾತ್ರ. ಬಟ್ಟೆ? ಹತ್ತಿಯ ನೂಲು ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ನೈಲಾನಿನದಾದರೆ ಮೈತುಂಬ ಇದ್ದರೂ ಸರಿ. ಊಟ? ಅಕ್ಕಿ ರೊಟ್ಟಿ, ಕಡುಬು, ಸೊಪ್ಪಿನ ಪಲ್ಯ ಮಾಡುತ್ತೇನೆ, ಮಾಂಸ ನೀವೇ ತಂದರೆ ಬೇರೆ ಪಾತ್ರೆ ಕೊಡುತ್ತೇನೆ ಎಂದರು.

ಅಮ್ಮಿ ಮಾತ್ರ ಇನ್ನೊಂದು ತಕರಾರು ತೆಗೆದರು. "ಎಷ್ಟು ನೀರು ಹಿಡಿಯುತ್ತದೆ?" ಸುಮಾರು ಸಾವಿರ ಲೀಟರ್ ಎಂದೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾದು ಕೂತ ಹೆಂಗಸು ಬೆಚ್ಚಿದರು. ಪ್ರವಾದಿ(ಸ) ಅವರು ಒಂದು 'ಮುದ್' ನೀರಿನಲ್ಲಿ ವುಝೂ, ಒಂದು 'ಸಾ' ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಒಂದು ಸಾ ಎಂದರೆ ನಾಲ್ಕು ಮುದ್, ಇಂದಿನ ಲೆಕ್ಕದಲ್ಲಿ ಸುಮಾರು ಮೂರು ಲೀಟರ್. ಅಮ್ಮಿಯ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಯಜಮಾನಿಯನ್ನು ಮತ್ತೆ ಕೇಳಿದೆ. ನೀರನ್ನು ಸೋಸಿ ಹಲವು ದಿನ ಬಳಸುತ್ತಾರಂತೆ, ಬದಲಿಸುವಾಗ ಕ್ಲೋರಿನ್ ಇಳಿಯುವವರೆಗೆ ತೆರೆದಿಟ್ಟು ಗಿಡಗಳಿಗೆ ಬಿಡುತ್ತಾರಂತೆ. ಕರೆಂಟು ನೆಚ್ಚಿಕೊಳ್ಳುವಂತಿಲ್ಲ, ಅಷ್ಟು ನೀರು ಕಾಯಲು ಇಪ್ಪತ್ತು ಯೂನಿಟ್ಟಾದರೂ ಬೇಕು. ಹಾಗಾಗಿ ತೊಟ್ಟಿಯ ಪಕ್ಕದಲ್ಲೇ ಸೌದೆಯ ಒಲೆ. ತೋಟದಲ್ಲಿ ಕಸಿ ಮಾಡಿದ ರೆಂಬೆಗಳೇ ಉರುವಲು.

ಇದನ್ನೆಲ್ಲ ಹೇಳಿದಾಗ ಅಮ್ಮಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು. ಕಡುನೀಲಿ ನೈಲಾನಿನ ಸಲ್ವಾರ್ ಕಮೀಝ್ ಹೊಲಿಯುತ್ತಿದ್ದರು. ಒಂದಲ್ಲ, ಎರಡು. "ಇನ್ನೊಂದು ಯಾರಿಗೆ?" ಎಂದೆ. "ನೀನೇನು ಬಂಡೆಯ ಮೇಲೆ ಕೂತು ಚಪ್ಪಲಿ ಕಾಯುತ್ತೀಯಾ?" ಎಂದರು.

ಸ್ವಲ್ಪ ಹೊತ್ತಿನ ಮೇಲೆ ಮೆಷಿನ್ ನಿಲ್ಲಿಸಿ ಕೇಳಿದರು: "ಸೌದೆ ಒಲೆ ಅಂದೆಯಲ್ಲ, ಉರಿ ಹಾಕುವವರು ಯಾರು?"

"ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಂತೆ. ಬೆಳಗ್ಗೆ ನಾಲ್ಕಕ್ಕೇ ಹಚ್ಚುತ್ತಾಳಂತೆ."

ಅಮ್ಮಿ ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ನನಗೆ ತರಬೇಡ ಅಂದೆಯಲ್ಲ ಆ ಸೀರೆ, ಅದನ್ನು ತಾ. ಅವಳಿಗೆ ತೆಗೆದುಕೊಂಡು ಹೋಗೋಣ."