ಅಂಗಾಲಿಗೆ ತಿಳಿಯುವ ಮನೆ

ಗೃಹಪ್ರವೇಶಕ್ಕೆ ಬಂದವರೆಲ್ಲ ತಲೆಯೆತ್ತಿ ಮನೆ ನೋಡುತ್ತಾರೆ. ತಾರಸಿಯ ಕೆಳಗೆ ಇಳಿಬಿಟ್ಟ ಫಾಲ್ಸ್ ಸೀಲಿಂಗು, ಅದರ ಅಂಚಿನಲ್ಲಿ ಅಡಗಿಸಿಟ್ಟ ನೀಲಿ ದೀಪ, ಟಿವಿಯ ಹಿಂದೆ ಗೋಡೆಯುದ್ದಕ್ಕೂ ಹಬ್ಬಿದ ಹಲಗೆ. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ತಲೆ ತಗ್ಗಿಸಿ ನೆಲ ನೋಡುತ್ತೇನೆ. ತಂಪಾಗಿದೆಯೇ, ಜಾರುತ್ತದೆಯೇ, ಊಟವಾದ ಮೇಲೆ ಇಲ್ಲೊಂದು ಗಳಿಗೆ ಅಡ್ಡಾಗಬಹುದೇ ಎಂಬುದನ್ನು ಅಂಗಾಲು ಆ ಕ್ಷಣವೇ ಹೇಳಿಬಿಡುತ್ತದೆ.

ನಮ್ಮಲ್ಲಿ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ. ಈ ಒಂದು ರೂಢಿಯಿಂದಲೇ ನಮ್ಮ ಒಳಾಂಗಣದ ಲೆಕ್ಕ ಶುರುವಾಗಬೇಕು. ನಾವು ಬರಿಗಾಲಲ್ಲಿ ಓಡಾಡುವವರು, ನೆಲದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುವವರು, ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಬರಿನೆಲಕ್ಕೆ ಬೆನ್ನು ಕೊಡುವವರು. ಹಾಗಿದ್ದೂ ಮನೆ ಮಾಡುವಾಗ ದುಡ್ಡು ಸುರಿಯುವುದು ಕೈ, ಕಾಲು, ಬೆನ್ನು ಯಾವುದೂ ಎಂದೂ ಮುಟ್ಟದ ಕಡೆಗೆ. ಸಲಹೆ ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಮೈ ತಾಗುವ ಕಡೆ ಖರ್ಚು ಮಾಡಿ, ಆಮೇಲೂ ಕೈಯಲ್ಲಿ ದುಡ್ಡು ಉಳಿದರೆ ಕಣ್ಣಿಗೆ ಮಾಡಿ.

ನೆಲದ ಮಾತು ಬಂದರೆ ನನ್ನ ಮನಸ್ಸು ಹೋಗುವುದು ರೆಡ್‌ಆಕ್ಸೈಡ್ ನೆಲಕ್ಕೆ. ಮೈಸೂರಿನ ಹಳೆಯ ಅಗ್ರಹಾರಗಳಲ್ಲಿ, ಮಂಗಳೂರಿನ ಹೆಂಚಿನ ಮನೆಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಲ್ಲಿ ಇನ್ನೂ ಬಿಲ್ಡರ್ ಕೈಗೆ ಹೋಗದೆ ಉಳಿದ ಮನೆಗಳಲ್ಲಿ ಅದು ಈಗಲೂ ಹೊಳೆಯುತ್ತಿದೆ. ಕಾಂಕ್ರೀಟು ಹಾಸಿನ ಮೇಲೆ ಸಿಮೆಂಟು ಮತ್ತು ಕೆಂಪು ಐರನ್ ಆಕ್ಸೈಡ್ ಪುಡಿ ಬೆರೆಸಿದ ಪದರ ಎಳೆದು, ಅದು ಬಿಗಿಯುತ್ತಾ ಬರುವ ಹೊತ್ತನ್ನು ಕಾದು, ಕರಣೆಯಿಂದ ಒತ್ತಿ ಒತ್ತಿ ತಿಕ್ಕಬೇಕು. ಬೇಗ ತಿಕ್ಕಿದರೆ ನೀರು ಮೇಲೆ ಬರುತ್ತದೆ, ತಡವಾದರೆ ಕರಣೆಯ ಗೀರು ಉಳಿಯುತ್ತದೆ. ಒಂದು ಕೋಣೆ ಹಿಡಿದರೆ ಒಂದೇ ಬೀಸಿಗೆ ಮುಗಿಸಬೇಕು, ಇಲ್ಲವಾದರೆ ನಿನ್ನೆಯ ಕೆಂಪಿಗೂ ಇಂದಿನ ಕೆಂಪಿಗೂ ನಡುವೆ ಗೆರೆ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಇಷ್ಟೆಲ್ಲ ಆದ ಮೇಲೂ ನೆಲ ಪೂರ್ತಿಯಾಗುವುದಿಲ್ಲ. ಒದ್ದೆಬಟ್ಟೆಯ ಒರೆಸುವಿಕೆಯಲ್ಲಿ, ಮನೆಮಂದಿಯ ಪಾದದ ಸವೆತದಲ್ಲಿ ವರ್ಷದಿಂದ ವರ್ಷಕ್ಕೆ ಅದರ ಹೊಳಪು ಏರುತ್ತದೆ. ಹಳತಾದಷ್ಟೂ ಚೆಂದವಾಗುವ ಸಾಮಾನು ಕಟ್ಟಡದಲ್ಲಿ ಎಷ್ಟಿದೆ ಹೇಳಿ? ಟೈಲ್ಸಿನ ಸಂದಿನಲ್ಲಿ ಕೂರುವ ಕರಿಕೊಳೆಯ ಕಾಟವೂ ಇಲ್ಲಿಲ್ಲ, ಏಕೆಂದರೆ ಸಂದೇ ಇಲ್ಲ. ಕೆಲವು ಕಡೆ ಕೂದಲೆಳೆಯಂಥ ಬಿರುಕು ಬರುತ್ತದೆ. ಬರಲಿ. ಅದನ್ನು ದೋಷವೆಂದು ಎಣಿಸುವವರು ಈ ನೆಲದ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಈ ನೆಲ ಮರೆಯಾದದ್ದು ಜನಕ್ಕೆ ಬೇಡವಾಗಿ ಅಲ್ಲ, ಕಟ್ಟಿಸುವ ಆತುರಕ್ಕೆ. ಗುತ್ತಿಗೆದಾರರಿಗೆ ದಿನ ಉಳಿಯಬೇಕಿತ್ತು, ಟೈಲ್ಸ್ ಕೂರಿಸಿದರೆ ಎರಡು ದಿನದಲ್ಲಿ ಬಣ್ಣದವರನ್ನು ಒಳಗೆ ಬಿಡಬಹುದಿತ್ತು. ಕೆಲಸ ಕಡಿಮೆಯಾದಂತೆ ಕೈಪಳಗಿದ ಮೇಸ್ತ್ರಿಗಳೂ ಕಡಿಮೆಯಾದರು. ಈಗ ಮತ್ತೆ ಕೆಲವರು ಹುಡುಕಿಕೊಂಡು ಹೋಗಿ ಮಾಡಿಸುತ್ತಿದ್ದಾರೆ. ನೀವೂ ಹುಡುಕುವುದಾದರೆ ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಅವರು ಹಾಕಿ ಒಂದೆರಡು ಮಳೆಗಾಲ ಕಳೆದ ನೆಲವೊಂದನ್ನು ತೋರಿಸಲು ಹೇಳಿ. ಹೊಸ ನೆಲ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ.

ಮೇಸ್ತ್ರಿ ಸಿಗದಿದ್ದರೆ ಕಲ್ಲಿದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ಆ ಸೀಮೆಯ ಉರಿಬಿಸಿಲಿನಲ್ಲಿ ತಲೆಮಾರುಗಳಿಂದ ಕಾಲಿಗೆ ತಂಪು ಕೊಟ್ಟಿದೆ. ಬೆಂಗಳೂರಿನ ಮನೆಗಳಲ್ಲಿ ಅದನ್ನು ಅಂಗಳಕ್ಕೋ ಮಹಡಿ ಮೆಟ್ಟಿಲಿಗೋ ಹಾಕಿ ಕೈಬಿಡುತ್ತಾರೆ. ನಯಗೊಳಿಸಿ ಹಾಲಿನಲ್ಲಿ ಹಾಕಿದರೆ ಅದರ ಬೂದುನೀಲಿಗೆ ಸಾಟಿಯಾದ ಟೈಲ್ಸು ನನ್ನ ಕಣ್ಣಿಗೆ ಬಿದ್ದಿಲ್ಲ. ತಮಿಳುನಾಡಿನ ಕಾರೈಕುಡಿ ಬಳಿಯ ಆತಂಗುಡಿಯಲ್ಲಿ ಗಾಜಿನ ಹಲಗೆಯ ಮೇಲೆ ಕೈಯಲ್ಲೇ ಬಣ್ಣ ಹೊಯ್ದು ಮಾಡುವ ಸಿಮೆಂಟು ಬಿಲ್ಲೆಗಳೂ ಈಗ ಇಲ್ಲಿಗೆ ಬರುತ್ತವೆ. ಪೂಜೆಯ ಕೋಣೆಗೆ, ಹಜಾರದ ನಡುವಿಗೆ ಒಂದಿಷ್ಟು ಹಾಕಿದರೆ ಸಾಕು. ಎಣ್ಣೆ ಚೆಲ್ಲುವ ಅಡುಗೆಮನೆಗೆ ಬೇಡ.

ನಾನು ಕೈಮುಗಿದು ಬೇಡ ಅನ್ನುವುದು ಕನ್ನಡಿಯ ಹಾಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸನ್ನು. ಅದು ನೀರು ಹೀರುವುದು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ. ಕಲೆ ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೊಗಳುವ ಗುಣವೇ ಇದು. ಬಿದ್ದ ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ, ಹೊಳಪಿನಲ್ಲಿ ಕಣ್ಣಿಗೂ ಬೀಳುವುದಿಲ್ಲ. ಸ್ನಾನ ಮುಗಿಸಿ ಒದ್ದೆಗಾಲಲ್ಲಿ ದೇವರಮನೆಗೆ ನಡೆಯುವ ಅಜ್ಜಿ ಆ ನೀರಿನ ಮೇಲೆ ಕಾಲಿಡುತ್ತಾರೆ. ಎಪ್ಪತ್ತು ದಾಟಿದ ಮೇಲೆ ಸೊಂಟದ ಮೂಳೆ ಮುರಿದರೆ ಎಲ್ಲರೂ ಮೊದಲಿನಂತೆ ಎದ್ದು ಓಡಾಡುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು? ಟೈಲ್ಸೇ ಬೇಕೆಂದರೆ ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ. ಜಾರುವಿಕೆಗೆ ಆರ್ 9ರಿಂದ ಆರ್ 13ರವರೆಗೆ ಗುರುತುಗಳಿವೆ, ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್ 10 ಅಥವಾ ಆರ್ 11 ಇರಲಿ. ಅಂಗಡಿಯಲ್ಲೇ ಒಂದು ಟೈಲನ್ನು ನೆಲಕ್ಕೆ ಹಾಕಿಸಿ, ನೀರು ಚಿಮುಕಿಸಿ, ಬರಿಗಾಲಿಟ್ಟು ನೋಡಿ. ಸಂಕೋಚ ಬೇಡ, ಇಪ್ಪತ್ತು ವರ್ಷ ಅದರ ಮೇಲೆ ನಡೆಯುವವರು ನೀವು. ಹಾಲಿಗೂ ಊಟದ ಜಾಗಕ್ಕೂ ನಡುವೆ ಚೆಂದಕ್ಕೆಂದು ಒಂದೇ ಒಂದು ಮೆಟ್ಟಿಲಿನ ಏರಿಳಿತ ಮಾಡುವವರಿದ್ದಾರೆ. ರಾತ್ರಿ ನೀರು ಕುಡಿಯಲು ಎದ್ದವರಿಗೆ ಆ ಮೆಟ್ಟಿಲು ಕಾಣುವುದಿಲ್ಲ. ಅದನ್ನೂ ಬಿಟ್ಟುಬಿಡಿ.

ಇನ್ನು ತಲೆಯ ಮೇಲಿನ ಮಾತು. ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ ಎತ್ತರ ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳು ಇದಕ್ಕಿಂತ ಸ್ವಲ್ಪವೇ ಮೇಲಿರುತ್ತವೆ. ಅಂಥ ಕೋಣೆಗೆ ಮತ್ತೆ ಅರ್ಧ ಅಡಿ, ಮುಕ್ಕಾಲು ಅಡಿ ಜಿಪ್ಸಮ್ ಹಲಗೆ ಇಳಿಬಿಟ್ಟರೆ ಉಳಿಯುವುದೇನು? ಫ್ಯಾನು ತಲೆಯ ಮಟ್ಟಕ್ಕೆ ಬರುತ್ತದೆ, ಅಥವಾ ಹಲಗೆಗೆ ಅಂಟಿಕೊಂಡು ಗಾಳಿ ಎಳೆಯಲಾರದೆ ತಿರುಗುತ್ತದೆ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಸೂರು ಎತ್ತರವಿತ್ತು, ಗೋಡೆಯ ತುದಿಯಲ್ಲಿ ವೆಂಟಿಲೇಟರ್ ಇರುತ್ತಿತ್ತು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಕರಾವಳಿಯಲ್ಲಿ ಈ ಕೆಲಸವನ್ನು ಹೆಂಚೇ ಮಾಡಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಊರೂರಿಗೆ ಹೋದ ಆ ಹೆಂಚುಗಳ ಸಂದಿನಲ್ಲಿ ಮನೆ ಉಸಿರಾಡುತ್ತಿತ್ತು, ನಡುವೆ ಕೂರಿಸಿದ ಒಂದು ಗಾಜಿನ ಹೆಂಚು ಕತ್ತಲೆ ಕೋಣೆಗೆ ಹಗಲು ತರುತ್ತಿತ್ತು. ಫಾಲ್ಸ್ ಸೀಲಿಂಗಿಗೆ ನ್ಯಾಯವಾದ ಜಾಗ ಒಂದಿದೆ: ಮೇಲಿನ ಮನೆಯ ಪೈಪು ಕಾಣುವ ಬಚ್ಚಲು. ಮೇಲಿನ ಮಹಡಿಯ ತಾರಸಿ ಕಾಯುತ್ತದೆ ಎನ್ನುವವರು ಒಳಗೆ ಹಲಗೆ ಹೊಡೆಸುವ ಮುಂಚೆ ಹೊರಗಿನಿಂದ ತಾರಸಿಗೆ ಬಿಳಿ ಸುಣ್ಣ ಬಳಿಸಿ ಒಂದು ಬೇಸಿಗೆ ನೋಡಲಿ.

ಕಿಟಕಿಯಲ್ಲಿ ಎಲ್ಲರೂ ಕಣ್ಣುಮುಚ್ಚಿ ಒಪ್ಪಿಕೊಳ್ಳುವ ನಷ್ಟವೊಂದಿದೆ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಪೂರ್ತಿ ತೆರೆದರೂ ಅರ್ಧ ಮಾತ್ರ ತೆರೆಯುತ್ತದೆ. ಆರಡಿ ಕಿಟಕಿಗೆ ದುಡ್ಡು ಕೊಟ್ಟು ಮೂರಡಿ ಗಾಳಿ ಪಡೆಯುತ್ತೇವೆ. ಹಳೆಯ ಕಾಲದ, ಹೊರಗೆ ತೆರೆಯುವ ಎರಡು ರೆಕ್ಕೆಯ ಕಿಟಕಿ ಪೂರಾ ಗಾಳಿ ಬಿಡುತ್ತದೆ. ಒಳಗಡೆ ಸೊಳ್ಳೆಪರದೆಯ ಚೌಕಟ್ಟು ಕೂರಿಸಿದರೆ ಸಂಜೆಯೂ ಮುಚ್ಚಬೇಕಿಲ್ಲ.

ದೀಪದ ಡಬ್ಬಿಯ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ, ಅದನ್ನು ಓದಿ. 6,500 ಅಂದರೆ ಅಂಗಡಿಯ, ಆಸ್ಪತ್ರೆಯ ನೀಲಿಬಿಳುಪು. 2,700ರಿಂದ 3,000 ಅಂದರೆ ಸಂಜೆ ಮನೆಗೆ ಬಂದವರ ಕಣ್ಣಿಗೆ ಹಿತವಾದ ಹೊಂಬಣ್ಣ. ಸೂರಿನ ತುಂಬ ಹನ್ನೆರಡು ಚಿಕ್ಕ ದೀಪ ಚುಚ್ಚುವುದಕ್ಕಿಂತ ಓದುವ ಕುರ್ಚಿಯ ಪಕ್ಕ ಒಂದು, ತರಕಾರಿ ಹೆಚ್ಚುವ ಕಟ್ಟೆಯ ಮೇಲಿನ ಕಪಾಟಿನಡಿ ಒಂದು ಇದ್ದರೆ ಮೇಲು. ಅಡುಗೆಮನೆಯ ನಡುಸೂರಿನಲ್ಲಿ ಮಾತ್ರ ದೀಪವಿದ್ದರೆ ಕಟ್ಟೆಯ ಮುಂದೆ ನಿಂತವರ ನೆರಳು ಅವರ ಚಾಕುವಿನ ಮೇಲೇ ಬೀಳುತ್ತದೆ.

ಅಡುಗೆಮನೆಯಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ಅಡುಗೆ ಕಟ್ಟೆಯ ಎತ್ತರವನ್ನು ಮೇಸ್ತ್ರಿ ತೀರ್ಮಾನಿಸಬಾರದು, ಡಿಸೈನರ್ ತೀರ್ಮಾನಿಸಬಾರದು. ದಿನವೂ ಅಡುಗೆ ಮಾಡುವವರು ಚಪ್ಪಲಿಯಿಲ್ಲದೆ ನೆಟ್ಟಗೆ ನಿಂತು ಮೊಣಕೈ ಮಡಚಲಿ, ಆ ಮೊಣಕೈಯಿಂದ ನಾಲ್ಕೈದು ಇಂಚು ಕೆಳಗೆ ಕಟ್ಟೆಯ ಮೇಲ್ಮೈ ಬರಲಿ. ಐದಡಿ ಎತ್ತರದ ತಾಯಿಗೂ ಆರಡಿ ಮಗನಿಗೂ ಒಂದೇ ಅಳತೆ ಹೇಗೆ ಹೊಂದೀತು? ಗ್ಯಾಸ್ ಸ್ಟೌ ಕಟ್ಟೆಯ ಮೇಲೆ ಮತ್ತಷ್ಟು ಎತ್ತರ ಕೂಡಿಸುತ್ತದೆ, ಅದರ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಸಾರು ತಿರುವುವ ಭುಜ ಮೇಲೇಳುತ್ತದೆ. ಸ್ಟೌ ಇಡುವ ಭಾಗವನ್ನು ಎರಡು ಮೂರು ಇಂಚು ತಗ್ಗಿಸಿ ಕಟ್ಟಿಸುವುದು ಏನೂ ಕಷ್ಟವಲ್ಲ. ಜೋಳದ ರೊಟ್ಟಿ ತಟ್ಟುವ ಮನೆಯಾದರೆ ಇನ್ನೂ ತಗ್ಗಾದ ಒಂದು ಕಲ್ಲಿನ ಹಾಸು ಬೇಕು. ತೋಳಿನ ಭಾರ ಮೇಲಿನಿಂದ ಬಿದ್ದರೆ ಮಾತ್ರ ರೊಟ್ಟಿ ಹರಡುತ್ತದೆ. ಎತ್ತರದ ಕಟ್ಟೆಯಲ್ಲಿ ತಟ್ಟಿದರೆ ನೋಯುವುದು ಮಣಿಕಟ್ಟು.

ಕಟ್ಟೆಗೆ ಕರಿಗ್ರಾನೈಟನ್ನು ಮೀರಿದ್ದು ನಮ್ಮ ಅಡುಗೆಗೆ ಇಲ್ಲ. ಬಿಳಿ ಅಮೃತಶಿಲೆ ಚಿತ್ರದಲ್ಲಿ ಚೆನ್ನ, ಆದರೆ ಅದು ಕ್ಯಾಲ್ಸಿಯಂ ಕಾರ್ಬೋನೇಟು. ಹುಣಸೆರಸ, ನಿಂಬೆರಸ ಬಿದ್ದಲ್ಲೆಲ್ಲ ಹೊಳಪು ತಿಂದುಹೋಗುತ್ತದೆ. ಹುಣಸೆಹಣ್ಣಿಲ್ಲದೆ ನಮಗೆ ಯಾವ ಸಾರು, ಯಾವ ಗೊಜ್ಜು? ಹಾಲಿಗೆ ತೆರೆದುಕೊಂಡ ಅಡುಗೆಮನೆಯನ್ನೂ ನಾನು ಒಪ್ಪಲಾರೆ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದ ಘಾಟು ಸೋಫಾದ ಬಟ್ಟೆಯಲ್ಲಿ ವಾರಗಟ್ಟಲೆ ಕೂರುತ್ತದೆ. ಒಳಗಿದ್ದವರ ಜೊತೆ ಮಾತು ಬೇಕೆಂದರೆ ಗೋಡೆಯಲ್ಲಿ ದೊಡ್ಡ ಕಿಂಡಿ ಇಡಿಸಿ, ಬೇಕಾದಾಗ ಮುಚ್ಚಲು ಬಾಗಿಲಿರಲಿ. ಸಿಂಕಿನ ಕೆಳಗೆ ಎಂಡಿಎಫ್ ಹಲಗೆ ಬೇಡವೇ ಬೇಡ, ನೀರು ತಾಗಿದರೆ ಊದಿಕೊಳ್ಳುತ್ತದೆ. ಪ್ಲೈವುಡ್ಡಾದರೆ ಐಎಸ್ 710 ಮುದ್ರೆ ನೋಡಿ. ಐಎಸ್ 303ರ ಎಂಆರ್ ದರ್ಜೆಯದು ಬಟ್ಟೆಯ ಕಪಾಟಿಗೆ ಸಾಕು, ನೀರಿನ ಪಕ್ಕಕ್ಕೆ ಸಾಲದು. ಗೆದ್ದಲಿನ ಊರಾದರೆ ಒಳಗಿನ ಅಂಕಣಗಳನ್ನು ಕಡಪ ಕಲ್ಲಿನಲ್ಲೇ ಮಾಡಿಸಿ, ಮುಂದೆ ಮಾತ್ರ ಬಾಗಿಲು ಕೂರಿಸಿ. ಕಪಾಟಿಗೆ ಹಿಡಿ ಇಡಿಸಿ. ಹಿಡಿಯಿಲ್ಲದ ನುಣ್ಣನೆಯ ಬಾಗಿಲನ್ನು ಎಣ್ಣೆಗೈಯಲ್ಲಿ ತೆರೆಯಲಾಗುವುದಿಲ್ಲ.

ಬಟ್ಟೆ ಒಣಗಿಸುವ ಜಾಗವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಬಾಲ್ಕನಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿ ಉಯ್ಯಾಲೆ ತೂಗುಹಾಕುತ್ತಾರೆ, ಜುಲೈ ಬಂದರೆ ಒದ್ದೆ ಸೀರೆ ಸೋಫಾದ ಬೆನ್ನಿಗೆ ಬೀಳುತ್ತದೆ. ರಾಟೆ ಹಾಕಿ ಮೇಲಕ್ಕೆಳೆಯುವ ಒಣಹಾಕುವ ಸರಳುಗಳಿಗೆ ಮೊದಲ ದಿನವೇ ಜಾಗ ಬಿಡಿ. ಬಾಗಿಲ ಹಿಂದೆ ನಾಲ್ಕು ಗಟ್ಟಿ ಗೂಟ ಇರಲಿ. ಒಮ್ಮೆ ಉಟ್ಟ ಅಂಗಿ ತೊಳೆಯುವುದಕ್ಕೂ ಅಲ್ಲ, ಕಪಾಟಿಗೂ ಅಲ್ಲ, ಅದಕ್ಕೊಂದು ಗೂಟ ಬೇಕು. ಬಣ್ಣ, ಪರದೆಗಳ ಬಗ್ಗೆ ನನಗೆ ಹಟವಿಲ್ಲ, ನಿಮಗಿಷ್ಟವಾದದ್ದನ್ನು ಮಾಡಿ. ನೆಲಕ್ಕೆ ಹಾಸಲು ಮಾತ್ರ ಯಂತ್ರದ ಕಾರ್ಪೆಟ್ಟು ಬೇಡ ಎನ್ನುತ್ತೇನೆ. ನವಲಗುಂದದ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಪಗಡೆಹಾಸು, ನವಿಲು ಮೂಡಿಸಿ ನೇಯುವ ಜಮಖಾನ ಇದೆ. ಹತ್ತಿಯದು, ಕೊಡವಬಹುದು, ಬಿಸಿಲಿಗೆ ಹಾಕಬಹುದು, ಮೊಮ್ಮಕ್ಕಳು ಅದರ ಮೇಲೆ ಉರುಳಬಹುದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ನೇಯುವ ಕೈಗಳು ಮಾತ್ರ ತೀರಾ ಕಡಿಮೆಯಾಗಿವೆ. ಕೊಳ್ಳುವವರಿದ್ದರೆ ತಾನೇ ಮಗ್ಗ ಉಳಿಯುವುದು?

ಕೊನೆಯದಾಗಿ ಜಗಲಿ. ಅಪಾರ್ಟ್‌ಮೆಂಟಿನಲ್ಲಿ ಜಗಲಿ ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ಬಾಗಿಲ ಒಳಬದಿಯಲ್ಲಿ ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಕಲ್ಲಿನ ಆಸನ ಸಾಕು. ಶೂ ಕಟ್ಟಿಕೊಳ್ಳುವ ಮಗು, ಮಂಡಿನೋವಿನ ಅತ್ತೆ, ಒಳಗೆ ಬರಲು ಮುಜುಗರಪಟ್ಟು ಬಾಗಿಲಲ್ಲೇ ನಿಲ್ಲುವ ಕೊರಿಯರ್ ಹುಡುಗ, ಎಲ್ಲರಿಗೂ ಕೂರಲು ಜಾಗವಾಗುತ್ತದೆ. ಎತ್ತರ ನೆಲದಿಂದ ಹದಿನೇಳು ಹದಿನೆಂಟು ಇಂಚು ಇರಲಿ, ಅದಕ್ಕಿಂತ ತಗ್ಗಾದರೆ ವಯಸ್ಸಾದವರು ಏಳುವಾಗ ಒದ್ದಾಡುತ್ತಾರೆ. ಪಕ್ಕದ ಗೋಡೆಗೆ ಕೈಯೂರಲು ಒಂದು ಸ್ಟೀಲ್ ಹಿಡಿ ಹಾಕಿಸಿ. ಹೊಸ ಕಲ್ಲು ಕೊಳ್ಳಬೇಕಿಲ್ಲ. ಅಡುಗೆ ಕಟ್ಟೆಗೆ ಕೊಯ್ದು ಮಿಕ್ಕ ಗ್ರಾನೈಟಿನಲ್ಲಿ ಇಷ್ಟು ತುಂಡು ಸಿಕ್ಕೇ ಸಿಗುತ್ತದೆ, ಅಂಚನ್ನು ಗುಂಡಗೆ ಉಜ್ಜಿಸಿ, ಕೆಳಗೆ ಎರಡೂ ಕಡೆ ಇಟ್ಟಿಗೆಯ ಆಸರೆ ಕಟ್ಟಿಸಿದರೆ ಅರ್ಧ ದಿನದ ಕೆಲಸ. ಆಸರೆಗಳ ನಡುವಿನ ಜಾಗದಲ್ಲಿ ಮನೆಮಂದಿಯ ಚಪ್ಪಲಿಗಳೆಲ್ಲ ಹಿಡಿಸುತ್ತವೆ.