ಎರಡ ಸೀಟಿನ ಗಾಡಿ

ಅವ್ವ ತಲಿಗೆ ಸ್ಕಾರ್ಫ್ ಕಟ್ಟಿ, ಕರೀ ಚಷ್ಮಾ ಹಾಕ್ಕೊಂಡು ನನ್ನ ಗಾಡ್ಯಾಗ ಕೂತ ಫೋಟೋ ಮನಿ ಗ್ರೂಪಿನ್ಯಾಗ ಬಂದಾಗಿಂದ ನನಗ ಬಂದ ಫೋನಿಗೆ ಲೆಕ್ಕ ಇಲ್ಲ. "ಅದರ ಟಾಪ್ ಎಲ್ಲೆ ಹೋತು?" ಅಂತ ಮಾವಶಿ. "ಹಿಂದಿನ ಸೀಟ್ ಕಾಣ್ವಲ್ದಲ್ಲ?" ಅಂತ ವೈನಿ. ನಮ್ಮ ಅತ್ಯಾ ಮಾತ್ರ ಧಾರವಾಡದಿಂದ ನೇರ ವಿಷಯಕ್ಕ ಬಂದ್ರು: "ಇಬ್ಬರು ಕೂಡೋ ಗಾಡಿಗೆ, ಅದೂ ಹಳೇದಕ್ಕ, ಅಷ್ಟು ರೊಕ್ಕ ಹಾಕಿದಿ?" ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೋದಕ್ಕಿಂತ ಇಲ್ಲೆ ಒಮ್ಮೆ ಬರದುಬಿಡ್ತೀನಿ.

ನಮ್ಮ ಹಳೇ ವ್ಯಾನ್ ನಿಮಗೆಲ್ಲಾ ಗೊತ್ತದ. 2003ರದ್ದು, ಏಳು ಮಂದಿ ಕೂಡೋದು. ಅದರಾಗ ನಾ ಏನೇನ ಹೊತ್ತಿಲ್ಲ ಹೇಳ್ರಿ! ಹುಡುಗರ ಫುಟ್‌ಬಾಲ್ ಚೀಲ, ಡಾನ್ಸ್ ಕ್ಲಾಸಿನ ನಾಕು ಹುಡಿಗ್ಯಾರು, ಚೌತಿ ಗಣಪತಿ, ಅವನ ಹಿಂದ ಮೂವತ್ತು ಮಂದಿ ಅಡಗಿ ಪಾತೇಲಿ, ಮತ್ತ ಯಾರ್ಯಾರದೋ ಅಪ್ಪ-ಅವ್ವ, ಅತ್ತಿ-ಮಾವಂದಿರು ಅವರ ಒಂಬತ್ತು ಸೂಟ್‌ಕೇಸ್ ಸಮೇತ. 1,96,000 ಮೈಲು ಓಡಿ ಈ ವರ್ಷ, 2019ರ ಫೆಬ್ರುವರಿಯೊಳಗ ಅದರ ಗೇರ್‌ಬಾಕ್ಸ್ ಹೋತು. ರಿಪೇರಿಗೆ ಹೇಳಿದ ರೊಕ್ಕ ಗಾಡಿ ಬೆಲಿಕ್ಕಿಂತ ಜಾಸ್ತಿ. ನಮ್ಮನಿಯವರು ಅವತ್ತ ರಾತ್ರಿನ ಇನ್ನೊಂದು ಏಳು ಸೀಟಿಂದು ಹುಡಕಲಿಕ್ಕೆ ಕೂತ್ರು.

"ಈಗ ಮನ್ಯಾಗ ಇರೋರು ಎಷ್ಟ ಮಂದಿ?" ಅಂತ ಕೇಳಿದೆ. ಮಗ ಶಿಕಾಗೋದಾಗ, ಮಗಳು ಬಾಸ್ಟನ್ನಿನಾಗ.

"ಇಬ್ಬರು. ಆದ್ರ ಯಾರರೆ ಬಂದ್ರ ಬೇಕಾಗ್ತದಲ್ಲ?"

ಈ "ಯಾರರೆ ಬಂದ್ರ" ಅನ್ನೋ ಮಾತಿನ ಮ್ಯಾಲೆನ ನಮ್ಮ ಮನ್ಯಾಗಿನ ದೊಡ್ಡ ಪಾತೇಲಿ, ಹೆಚ್ಚಿನ ಗಾದಿ, ಮ್ಯಾಲಿನ ಖೋಲ್ಯಾಗಿನ ಮೂರು ಡಜನ್ ತಾಟು ಎಲ್ಲಾ ಕೂತಾವ. ಇವರ ಐದು ಸೀಟಿನ ಕಾರು ಹೆಂಗೂ ಬಾಗಲದಾಗ ನಿಂತದ. ನಂಗ ಬೇಕಾಗಿದ್ದು ದಿನಾ ಹದಿನೈದು ಮೈಲು ಕೆಲಸಕ್ಕ ಹೋಗಿ ಬರೋ ಗಾಡಿ. ಕೂಡೋದು ನಾ ಒಬ್ಬಾಕಿ. ರೊಕ್ಕ ನನ್ನ ಪಗಾರದ್ದು. ಹಿಂಗಾಗಿ ಎರಡ ಸೀಟಿಂದು ಹುಡಕ್ತೀನಿ ಅಂದೆ. ಇವರು ನಗ್ಯಾಡಿ ಮಲ್ಕೊಂಡ್ರು. ನಾ ಮಲಗಲಿಲ್ಲ, ಎರಡು ಗಂಟೆ ತನಕಾ ಗಾಡಿ ನೋಡಿದೆ.

ನಾ ಮನಸ್ಸಿನಾಗ ಹಿಡದಿದ್ದು ಮಜ್ದಾ ಮಿಯಾಟಾ. 1989ರಾಗ ಶಿಕಾಗೋ ಕಾರು ಮೇಳದಾಗ ಮೊದಲ ಸಲ ತೋರಿಸಿದ ಜಪಾನಿ ಗಾಡಿ, 2016ಕ್ಕ 10 ಲಕ್ಷನೇದ್ದು ಹೊರಗ ಬಂತು. ಅಂದ್ರ ಸ್ಪೋರ್ಟ್ಸ್ ಕಾರು ಅಂದಕೂಡ್ಲೆ ನೀವು ತಿಳ್ಕೊಳ್ಳೋ ಸಿನಿಮಾ ಹೀರೋನ ಗಾಡಿ ಅಲ್ಲ. ಸಣ್ಣ ಎಂಜಿನ್ನು, ಹಗುರ ಮೈ, ಸಾಮಾನು ಎಲ್ಲಾ ಕಡೆ ಸಿಗ್ತದ. ಹೊಸಾದು 25 ಸಾವಿರ ಡಾಲರಿನ ಮ್ಯಾಲೆ, ಅದು ನನ್ನ ಮಾತಲ್ಲ. ಹತ್ತು ವರ್ಷದ್ದು 10 ಸಾವಿರದ ಆಜೂಬಾಜು ಸಿಗ್ತಿತ್ತು.

ಹಳೇ ಗಾಡಿ ತಗೋಳೋದು ಸೀರಿ ತಗೊಂಡಂಗ. ಅಂಗಡಿಯವ ಸೆರಗು ಹರವಿ ತೋರಿಸ್ತಾನ, ನಾವು ಒಳಗಿನ ಮಡಿಕಿ ಬಿಚ್ಚಿ ನೋಡಬೇಕು. ಮೊದಲ ನೋಡಿದ್ದು ಕೆಂಪಂದು, 2008ರದ್ದು, ಬರೇ 6,900 ಡಾಲರ್. ಮಿಂಚಲಿಕ್ಕೆ ಹತ್ತಿತ್ತು. ಬಾಗಲಾ ತಗದಕೂಡ್ಲೆ ಅತ್ತರದ ವಾಸನಿ. ಯಾರರೆ ಅಷ್ಟು ಅತ್ತರ ಹೊಡದಾರಂದ್ರ ಕೆಳಗ ಮತ್ತೇನೋ ವಾಸನಿ ಅದ ಅಂತ ನಮಗ ಗೊತ್ತಾಗೂದಿಲ್ಲೇನು? ಒಂದ ವಿಷಯ ಮೊದಲ ಹೇಳಬೇಕು. 2018ರ ಸೆಪ್ಟೆಂಬರಿನ್ಯಾಗ ನಮ್ಮ ನಾರ್ತ್ ಕ್ಯಾರೊಲೈನಾಕ್ಕ ಫ್ಲಾರೆನ್ಸ್ ಚಂಡಮಾರುತ ಬಡೀತು, ಸಮುದ್ರದ ಕಡಿ ಊರಿಗೆ ಊರು ನೀರಾಗ ನಿಂತ್ವು. ಆ ನೀರಾಗ ಮುಳುಗಿದ ಗಾಡಿಗಳು ತೊಳಕೊಂಡು, ಒಣಗಿಸ್ಕೊಂಡು, ಆರು ತಿಂಗಳಿಗೆ ಮಾರಾಟಕ್ಕ ಬರ್ತಾವ. ಇನ್ಶುರನ್ಸ್ ಕ್ಲೇಮ್ ಆಗಿದ್ರ ಕಾಗದದಾಗ ಗೊತ್ತಾಗ್ತದ. ಆಗಿರಲಿಲ್ಲಂದ್ರ ಕಾಗದ ಸ್ವಚ್ಛ ಇರ್ತದ, ಗಾಡಿ ಮಾತ್ರ ಕೆಟ್ಟಿರ್ತದ.

ಹಿಂಗಾಗಿ ನಾ ಸೀಟ್ ಬೆಲ್ಟ್ ಹಿಡದು ಜಗ್ಗಿದೆ. ಅರ್ಧಕ್ಕ ಬಿಡಲಿಲ್ಲ, ಪೂರಾ ಕೊನಿ ತನಕಾ ಜಗ್ಗಿದೆ. ಮುಂದಿಂದು ಕರ್ರಗ ಛಲೋ ಇತ್ತು, ಒಳಗ ಸುತ್ತಿಕೊಂಡು ಕೂಡೋ ಕಡೀ ಗೇಣಿನ್ಯಾಗ ಕಂದು ಬಣ್ಣದ ಗೆರಿ, ಪುಡಿ ಮಣ್ಣು. ನೆಲದ ಕಾರ್ಪೆಟ್ ಹೊಸಾದು, ಸೀಟು ಹಳೇವು. ಮಾರೋನ ಮಾರಿ ನೋಡಿದೆ. ಅಂವಾ ಆಕಾಶ ನೋಡಿದಾ. ನಮ್ಮನಿಯವರು ಅಲ್ಲೆ ತನಕಾ ಕೈ ಕಟ್ಟಿ ನಿಂತವರು ಕಾರಿನ್ಯಾಗ ಬರೋವಾಗ, "ಇದೆಲ್ಲಾ ಯಾವಾಗ ಕಲತಿ?" ಅಂದ್ರು. ಆವತ್ತಿಂದ ನಗೋದು ನಿಂತು ಅವರೂ ಹುಡಕಲಿಕ್ಕೆ ಹತ್ತಿದ್ರು.

ಮುಂದ ಎರಡು ಗಾಡಿ ನೋಡಿ ಬಿಟ್ಟೆ. ಒಂದು ಉತ್ತರದ ರಾಜ್ಯದಾಗ ಎಂಟು ಚಳಿಗಾಲ ಕಳದು ಬಂದಿತ್ತು. ಅಲ್ಲೆ ಹಿಮ ಕರಗಲಿ ಅಂತ ರಸ್ತಾಕ್ಕ ಉಪ್ಪು ಹಾಕ್ತಾರ, ಉಪ್ಪಿನಕಾಯಿ ಡಬ್ಬಿ ಮುಚ್ಚಳ ತಿಂದಂಗ ಗಾಡಿ ಹೊಟ್ಟಿ ತಿಂತದ. ಇನ್ನೊಂದಕ್ಕ ಹುಡುಗರು ಏನೇನೋ ಕೂಡಿಸಿ ಸಪ್ಪಳಾ ಜೋರ ಮಾಡಿದ್ರು.

ನಾಕನೇದ್ದು ಬೂದು ಬಣ್ಣದ್ದು, 2010ರದ್ದು, 71,000 ಮೈಲು, ಒಬ್ಬ ನಿವೃತ್ತ ಮಾಸ್ತರರದ್ದು. ಟಾಪ್ ಬಟ್ಟಿದಲ್ಲ, ಗಟ್ಟಿದು. ಗುಂಡಿ ಒತ್ತಿ ಹಿಡದ್ರ 12 ಸೆಕೆಂಡಿನ್ಯಾಗ ಮಡಚಿಕೊಂಡು ಸೀಟಿನ ಹಿಂದ ಮಲಗ್ತದ, ಡಿಕ್ಕಿ ಜಾಗಾ ತಗೋಳೋದಿಲ್ಲ. ನಾ ಮುಂಜಾನೆ ಹೋಗಿ ಮೊದಲ ಬಾನೆಟ್ ಮ್ಯಾಲೆ ಕೈ ಇಟ್ಟೆ. ತಣ್ಣಗಿರಬೇಕು. ನಾವು ಬರೂಕ್ಕಿಂತ ಮೊದಲ ಚಾಲೂ ಮಾಡಿ ಬೆಚ್ಚಗ ಮಾಡಿಟ್ಟಿದ್ರ ತಣ್ಣನ ಎಂಜಿನ್ನಿನ ಸಪ್ಪಳ, ಹೊಗಿ ಯಾವುದೂ ಗೊತ್ತಾಗೂದಿಲ್ಲ. ತಣ್ಣಗಿತ್ತು. ನಾಕನೇ ಗೇರಿನ್ಯಾಗ ಸಣ್ಣಗ ಹೋಗ್ತಾ ಒಮ್ಮೆಲೆ ಪೂರಾ ಕಾಲು ಒತ್ತಿದೆ. ಎಂಜಿನ್ ಒದರಿ ಗಾಡಿ ಓಡಲಿಲ್ಲಂದ್ರ ಕ್ಲಚ್ ಮುಗದದ ಅಂತ. ಇದು ಓಡ್ತು.

ಗಾಲಿ ವಿಷಯ ನೀವೆಲ್ಲಾ ನೆನಪಿಡ್ರಿ, ಯಾವ ಗಾಡಿ ಇದ್ರೂ ಬರ್ತದ. ಟೈರಿನ ಮಗ್ಗಲದಾಗ ಡಾಟ್ ಅಂತ ಬರದ ಸಾಲಿನ ಕಡೀ ನಾಕು ಅಂಕಿ ನೋಡ್ರಿ. ಇದರ ಹಿಂದಿನ ಗಾಲಿ ಮ್ಯಾಲೆ 2212 ಇತ್ತು, ಅಂದ್ರ 2012ರ 22ನೇ ವಾರದಾಗ ಮಾಡಿದ್ದು. ಪಟ್ಟಿ ಎಷ್ಟ ಉಳದಿದ್ರೂ ಏಳು ವರ್ಷದ ರಬ್ಬರ್ ಮಳ್ಯಾಗ ಜಾರ್ತದ, ಅದರಾಗ ಈ ಗಾಡಿಗೆ ಜೋರು ಹಿಂದಿನ ಗಾಲಿಯಿಂದ. ಮಾಸ್ತರರಿಗೂ ಮಾರಾಟಕ್ಕೂ ಸಂಬಂಧ ಇಲ್ಲದ ಮೆಕ್ಯಾನಿಕ್ ಒಬ್ಬರಿಗೆ 160 ಡಾಲರ್ ಕೊಟ್ಟು ಗಾಡಿ ಮ್ಯಾಲೆ ಎತ್ತಿಸಿ ಪೂರಾ ನೋಡಿಸಿದೆ. ಹಿಂದಿನ ಬ್ರೇಕ್ ಸವದಾವ, ಗಾಲಿ ಹಾಕಿಸ್ರಿ, ಉಳದದ್ದು ಆರೋಗ್ಯ ಅಂದ್ರು. ಮಾಸ್ತರರು 11,500 ಹೇಳಿದ್ರು, ಆ ಚೀಟಿ ಮುಂದಿಟ್ಟು 10,400ಕ್ಕ ಮುಗಿಸಿದೆ. ಮ್ಯಾಲೆ ರಾಜ್ಯದ 3 ಪರ್ಸೆಂಟ್ ತೆರಿಗಿ 312 ಡಾಲರ್. ಅತ್ಯಾ, ಎಲ್ಲಾ ಕೂಡಿ ನಮ್ಮ ರೂಪಾಯಿಲೆ ಏಳೂವರಿ ಲಕ್ಷದ ಹತ್ರ ಆತು. ಹೊಸಾ ಏಳು ಸೀಟಿನ ವ್ಯಾನ್ ತಗೊಂಡಿದ್ರ ಇದರ ಮೂರು ಪಟ್ಟು ಆಗ್ತಿತ್ತು.

ಇನ್ನ ಗೇರು. ಇದು ಕೈಲೆ ಗೇರ್ ಹಾಕೋ ಗಾಡಿ. ಇಲ್ಲಿನ ಮಂದ್ಯಾಗ ಭಾಳ ಜನಕ್ಕ ಕ್ಲಚ್ಚಿನ ಗಾಡಿ ಬರೂದಿಲ್ಲ. ನಮ್ಮನಿಯವರು ಅಮೆರಿಕಾದಾಗನ ಕಲತವರು, ಅವರಿಗೂ ಬರೂದಿಲ್ಲ. ನಂಗ 1986ರಾಗ ಅಪ್ಪ ಪದ್ಮಿನಿ ಕಾರಿನ್ಯಾಗ ಕಲಿಸಿದ್ದ, ಯೂನಿವರ್ಸಿಟಿ ಗುಡ್ಡದ ಏರಿನ್ಯಾಗ ನಿಲ್ಲಿಸಿ, "ಹಿಂದ ಒಂದ ಗೇಣು ಸರೀದಂಗ ಎತ್ತು" ಅಂತ. ಸ್ಟೇರಿಂಗ್ ಮಗ್ಗಲಕ್ಕ ಇದ್ದ ಹ್ಯಾಂಡಲ್ ಗೇರು ಅದರದು. ಮೂವತ್ತು ವರ್ಷಕ್ಕ ಮ್ಯಾಲೆ ಆದ್ರೂ ಎಡಗಾಲಿಗೆ ಎಲ್ಲಾ ನೆನಪಿತ್ತು. ಹಿಂಗಾಗಿ ಈ ಗಾಡಿ ಕೀಲಿಕೈ ಯಾರೂ ಕೇಳೋದಿಲ್ಲ. ಮನ್ಯಾಗ ನಂದು ಅಂತ, ನನ್ನ ಬಿಟ್ಟು ಯಾರ ಕೈಯಾಗೂ ನಡೀಲಾರದ್ದು ಇದೊಂದ ಅದ.

ದಿನದ ಬಾಳೇವು ಹೆಂಗ ಅಂತ ಕೇಳಿದ್ರಿ. ಡಿಕ್ಕಿ 150 ಲೀಟರಿಂದು, ಎರಡು ಮೆತ್ತನ ಬ್ಯಾಗ್ ಹಿಡೀತಾವ, ದೊಡ್ಡ ಸೂಟ್‌ಕೇಸ್ ಬಿಲ್ಕುಲ್ ಇಲ್ಲ. ವಾರದ ಕಾಯಿಪಲ್ಯ, ಹಾಲು ಆರಾಮ ಬರ್ತಾವ. ಅಕ್ಕಿ ಚೀಲ ಮಗ್ಗಲ ಸೀಟಿನ್ಯಾಗ ಕೂಡ್ತದ, ಅದಕ್ಕೂ ಬೆಲ್ಟ್ ಹಾಕಬೇಕು, ಇಲ್ಲಂದ್ರ ಮನಿ ಮುಟ್ಟೋ ತನಕಾ ಟಿಂಗ್ ಟಿಂಗ್ ಅಂತದ. ಗ್ಯಾಲನ್ನಿಗೆ 26 ಮೈಲು ಕೊಡ್ತದ, ನಮ್ಮ ಲೆಕ್ಕದಾಗ ಲೀಟರಿಗೆ 11 ಕಿಲೋಮೀಟರ್. ತುಟ್ಟಿ ಪೆಟ್ರೋಲ್ ಹಾಕಬೇಕು, ಇದೊಂದು ಕಿರಿಕಿರಿ. ಎಂಜಿನ್ನಿನ ಒಳಗ ಬೆಲ್ಟ್ ಬದಲಿಗೆ ಚೈನ್ ಅದ, ಆ ಬೆಲ್ಟ್ ಬದಲಾಯಿಸೋ ಖರ್ಚು ಇಲ್ಲ. ಸ್ಟೆಪ್ನಿ ಮೊದಲ ಇಲ್ಲ, ಪಂಕ್ಚರ್ ಹಚ್ಚೋ ಡಬ್ಬಿ ಅಷ್ಟ ಕೊಟ್ಟಾರ. ಹೈವೇದಾಗ ಲಾರಿ ಗಾಲಿ ನನ್ನ ಕಿವಿ ಮಟ್ಟಕ್ಕ ಬರ್ತಾವ, ಮೊದಲ ವಾರ ರಾಮರಾಮಾ ಅಂತಿದ್ದೆ. ಈಗ ಹಗಲಿನ್ಯಾಗೂ ಲೈಟ್ ಹಾಕ್ಕೊಂಡ ಹೋಗ್ತೀನಿ, ಲಾರಿ ಮಗ್ಗಲಕ್ಕ ನಿಲ್ಲಂಗಿಲ್ಲ. ನಮ್ಮ ಕ್ಯಾರಿ ಊರಿನ್ಯಾಗ ಮಾರ್ಚ್ ಕಡೀಕ್ಕ ಪೈನ್ ಗಿಡದ ಪರಾಗ ಬೀಳ್ತದ, ಗಾಡಿ ಪೂರಾ ಅರಿಶಿಣ ಹಚ್ಚಿದ ಮದುಮಗಳು. ಆ ಪುಡಿ, ಪೈನ್ ಎಲಿ ಎಲ್ಲಾ ಹೋಗಿ ಟಾಪಿನ ನೀರು ಹರದು ಹೋಗೋ ತೂತಿನ್ಯಾಗ ಕೂಡ್ತಾವ. ತೂತು ಕಟ್ಟಿದ್ರ ಮಳಿ ನೀರು ಒಳಗ ಬರ್ತದ. ಅದಕ್ಕ ಹದಿನೈದು ದಿವಸಕ್ಕೊಮ್ಮೆ ಅರ್ಧ ತಂಬಿಗಿ ನೀರು ಹಾಕಿ, ಗಾಡಿ ಕೆಳಗ ಬೀಳ್ತದೋ ಇಲ್ಲೋ ಬಗ್ಗಿ ನೋಡ್ತೀನಿ. ಬಚ್ಚಲ ಮೋರಿ ನೋಡಿದಂಗ.

ಒಂದು ಸಿಟ್ಟಿನ ಪ್ರಸಂಗನೂ ಹೇಳಬೇಕು. ಇಲ್ಲಿ ಹತ್ರದ ಗೆಳತಿ ಒಬ್ಬಾಕಿ, ಹೆಸರು ಬ್ಯಾಡ, ಮೇ ತಿಂಗಳದಾಗ ಫೋನ್ ಮಾಡಿ, "ನಮ್ಮ ಅಪ್ಪ ಅವ್ವ ಶುಕ್ರವಾರ ಬರ್ತಾರ, ನೀ ಏರ್‌ಪೋರ್ಟಿಗೆ ಹೋಗಿಬಿಡಲ್ಲಾ" ಅಂದ್ಲು. ಹತ್ತು ವರ್ಷದಿಂದ ಹಿಂಗ ಅನ್ನಾಕಿ. ಗಾಡಿ ಎರಡ ಸೀಟಿಂದು ಅಂದೆ. ಸುಮ್ಮನಾದ್ಲು. ಆಮ್ಯಾಲೆ, "ಅಂದ್ರ ಮಂದೀಗೆ ಆಗಬಾರದು ಅಂತನ ತಗೊಂಡಿ ಅನ್ನು" ಅಂದ್ಲು. ಎರಡು ತಿಂಗಳು ಮಾತಿಲ್ಲ. ನಂಗ ಕೆಟ್ಟ ಅನಸ್ತು, ಖರೆ. ಆದ್ರ ಆ ಎರಡು ತಿಂಗಳದಾಗ ಆಕಿಗೆ ನನ್ನ ಸೊಂಟನೋವು ಹೆಂಗದ ಅಂತ ಕೇಳಬೇಕು ಅನಿಸಲಿಲ್ಲಲ್ಲ, ಅದನ್ನೂ ಲೆಕ್ಕ ಹಾಕಿದೆ. ಈಗ ಮತ್ತ ಬರ್ತಾಳ, ಚಹಾ ಕುಡೀತಾಳ. ಗಾಡಿ ಸುದ್ದಿ ತಗಿಯೂದಿಲ್ಲ.

ಅವ್ವ ಏಪ್ರಿಲಿನ್ಯಾಗ ಬಂದ್ಲು. 76 ವಯಸ್ಸು, ಮೊಣಕಾಲು ನೋವು, ಗಾಡಿ ನೆಲಕ್ಕ ಅಂಟಿಕೊಂಡದ್ದು. ಮೊದಲನೇ ದಿನ ಇಬ್ಬರೂ ಹತ್ತು ನಿಮಿಷ ಒದ್ದ್ಯಾಡಿದ್ವಿ. ಆಮ್ಯಾಲೆ ರೀತಿ ಸಿಕ್ತು: ಗಾಡಿಗೆ ಬೆನ್ನು ಮಾಡಿ ನಿಲ್ಲೋದು, ಮೊದಲ ಕೂಡೋದು, ಎರಡೂ ಕಾಲು ಜೋಡಿಸಿ ಒಳಗ ತಿರುಗಿಸೋದು. ಟಾಪ್ ತಗದಿದ್ರ ಇನ್ನೂ ಹಗುರ, ತಲಿ ಬಡಿಯೂದಿಲ್ಲ, ಮುಂದಿನ ಗಾಜಿನ ಕಟ್ಟು ಹಿಡದು ಏಳಬಹುದು. ಮೊಣಕಾಲಿನವರು ಎಲ್ಲಾರೂ ಹಿಂಗ ಮಾಡ್ರಿ, ಯಾವ ಕಾರಿದ್ರೂ.

ಶನಿವಾರ ವೆಂಕಟೇಶ್ವರ ಗುಡಿಗೆ ಹೋಗ್ತಿದ್ವಿ, ನಾವಿಬ್ಬರ. ಮನ್ಯಾಗ ಇದ್ರ ಟಿವಿ, ಇವರು, ಕುಕ್ಕರು, ಫೋನು. ವ್ಯಾನಿನ್ಯಾಗಂತೂ ಅವ್ವ ಯಾವಾಗ ಬಂದ್ರೂ ಹಿಂದಿನ ಸೀಟಿನ್ಯಾಗ ಮೊಮ್ಮಕ್ಕಳ ನಡುವ ಕೂತಾಕಿ. ನನ್ನ ಮಗ್ಗಲಕ್ಕ, ಮತ್ತ್ಯಾರೂ ಇಲ್ಲದ, ಆಕಿ ಕೂತಿದ್ದು ನನ್ನ ಐವತ್ತೆರಡು ವರ್ಷದಾಗ ಇದ ಮೊದಲು. ಒಂದ ದಿನ ಸಿಗ್ನಲ್ಲಿನ್ಯಾಗ ನಿಂತಾಗ ನನ್ನ ಕೈ ನೋಡ್ತಾ ಅಂದ್ಲು:

"ನಿನಗ ಕಲಿಸಿದಮ್ಯಾಲೆ ನಂಗೂ ಕಲಿಸ್ರಿ ಅಂದಿದ್ದೆ ನಿಮ್ಮಪ್ಪಗ. ನಿನಗ್ಯಾಕ, ನಾ ಇದ್ದೀನಲ್ಲ ಅಂದ್ರು."

ನಂಗ ಇದು ಗೊತ್ತಿರಲಿಲ್ಲ. ನಾ ಸುಮ್ಮನಿದ್ದೆ. ಆಕಿನ ಮುಂದ ಹೇಳಿದ್ಲು, ಮಧ್ಯಾಹ್ನ ಅಪ್ಪ ಉಂಡು ಮಲಗಿದಾಗ ಹಿತ್ತಲದಾಗ ನಿಂತ ಪದ್ಮಿನಿಯೊಳಗ ಹೋಗಿ ಕೂಡ್ತಿದ್ಲಂತ. ಕೀಲಿ ಇಲ್ಲ. ಬರೇ ಕ್ಲಚ್ ಒತ್ತೋದು, ಗೇರ್ ಹಾಕೋದು, ತಗಿಯೋದು. ಒಂದು ಬ್ಯಾಸಿಗಿ ಪೂರಾ. ಆಮ್ಯಾಲೆ ನನ್ನ ಲಗ್ನದ ಓಡಾಟ ಸುರು ಆತು, ಬಿಟ್ಲು.

ಮರುದಿವಸ ಐತವಾರ. ಸಾಲಿ ಮುಂದಿನ ಪಾರ್ಕಿಂಗ್ ಬಯಲು ಖಾಲಿ ಇತ್ತು. ಸ್ಟೇರಿಂಗಿನ ಮುಂದ ಕೂಡಿಸೋದು ಆಗೂದಿಲ್ಲ, ಲೈಸನ್ಸ್ ಇಲ್ಲ, ಕಾಲು ಕೇಳೋದಿಲ್ಲ. "ಕ್ಲಚ್ ನಾ ಒತ್ತತೀನಿ, ಗೇರ್ ನೀ ಹಾಕು" ಅಂದೆ. ಬಲಗೈ ತಂದ್ಲು, ಮುಟ್ಟಲಿಲ್ಲ. "ಅಯ್ಯ, ಪದ್ಮಿನಿಯೊಳಗೂ ಎಡಗೈನ ಇತ್ತಲ್ಲ" ಅಂತ ತಾನ ಅಂದು ಎಡಗೈ ಇಟ್ಲು. "ಒಂದು" ಅಂದೆ, ಹಾಕಿದ್ಲು. ಎರಡು. ಕರ್ ಅಂದಿಲ್ಲ, ಜಗ್ಗಾಡಿಲ್ಲ. ಮೂರಕ್ಕ ನಾ ಹೇಳೂಕ್ಕಿಂತ ಮೊದಲ, ಎಂಜಿನ್ನಿನ ಸಪ್ಪಳ ಕೇಳಿ, "ಹಂ, ಈಗ ಒತ್ತು" ಅಂದ್ಲು. ಎಂಟು ಸುತ್ತು ಹೊಡದ್ವಿ. ಸೆಪ್ಟೆಂಬರಿನ್ಯಾಗ ಹೋಗೋ ತನಕಾ ಐತವಾರ ತಪ್ಪಿಸಲಿಲ್ಲ.

ಈಗ ನವೆಂಬರ್, ಗಾಡಿ 78,000 ಮೈಲು ದಾಟೇದ. ಹಿಮ ಬಿದ್ದ ದಿವಸ ಏನ್ ಮಾಡ್ತಿ ಅಂತ ವೈನಿ ಕೇಳಿದ್ದಕ್ಕ ಉತ್ತರ: ಇಲ್ಲೆ ಬೀಳೋದ ಕಡಿಮಿ, ಬಿದ್ರ ಇವರ ಕಾರಿನ್ಯಾಗ ಹೋಗ್ತೀನಿ, ಇಲ್ಲ ಮನ್ಯಾಗ ಕೂಡ್ತೀನಿ. ಮುಂದಿನ ಬ್ಯಾಸಿಗಿಗೆ ಬರ್ತೀನಿ ಅಂತ ಮಾವಶಿನೂ ವೈನಿನೂ ಕೂಡೇ ಟಿಕೀಟು ನೋಡಲಿಕ್ಕೆ ಹತ್ತ್ಯಾರಂತ. ಬರ್ರಿ. ಏರ್‌ಪೋರ್ಟಿಗೆ ಇವರು ಬರ್ತಾರ ದೊಡ್ಡ ಕಾರ್ ತಗೊಂಡು. ನನ್ನ ಗಾಡ್ಯಾಗ ಮಾತ್ರ ಒಬ್ಬೊಬ್ಬರ, ಪಾಳಿ ಹಚ್ಚಿ. ಮೊದಲನೇ ಪಾಳಿ ಯಾರದು ಅಂತ ನೀವ ನೀವ ಜಗಳಾಡಿ ಹೇಳ್ರಿ, ಸ್ಕಾರ್ಫ್ ಇಲ್ಲೆ ಅದ.