ಸೋತವರ ಕೈಗೂ ಚೆಂಡು

ಎಳೆಯ ಪಿಚರ್‌ಗಳನ್ನು, ಅಂದರೆ ಚೆಂಡೆಸೆಯುವವರನ್ನು, ನಂಬಿ ತಂಡ ಕಟ್ಟಬೇಕೆಂಬುದು ಬೇಸ್‌ಬಾಲ್ ಅಭಿಮಾನಿಯಾದ ನನ್ನ ನಿಲುವು. ಅಟ್ಲಾಂಟಾ ಬ್ರೇವ್ಸ್‌ನ ಟಾಮ್ ಗ್ಲಾವಿನ್ 1988ರಲ್ಲಿ 7 ಪಂದ್ಯ ಗೆದ್ದು 17 ಸೋತರು. ತಂಡ ಅವರ ಕೈಯಿಂದ ಚೆಂಡು ಕಿತ್ತುಕೊಳ್ಳಲಿಲ್ಲ. 1991ರಲ್ಲಿ ಅವರು 20 ಗೆದ್ದರು. ಹಿಂದಿನ ವರ್ಷ ವಿಭಾಗದ ಕೊನೆಯಲ್ಲಿದ್ದ ತಂಡ ವರ್ಲ್ಡ್ ಸೀರೀಸ್ ತಲುಪಿತು.

ಆದರೆ ಎಳೆಯ ತೋಳಿಗೆ ಮಿತಿಯಿದೆ. ನ್ಯೂಯಾರ್ಕ್ ಮೆಟ್ಸ್ ನೆಚ್ಚಿದ್ದ ಇಸ್ರಿಂಗ್‌ಹೌಸನ್, ಪಲ್ಸಿಫರ್, ವಿಲ್ಸನ್ ಮೂವರೂ 1990ರ ದಶಕದಲ್ಲೇ ಶಸ್ತ್ರಚಿಕಿತ್ಸೆಗೆ ಒಳಗಾದರು.

ಅಭ್ಯಾಸ ಬೋಧನೆಗೂ ಈ ಎರಡು ಮಾತು ಸಲ್ಲುತ್ತವೆ. ಮೊದಲ ಪಾಠ ಎಡವಿದ ಪ್ರಶಿಕ್ಷಣಾರ್ಥಿಗೆ ಮರುದಿನವೂ ಅದೇ ತರಗತಿ ಕೊಡೋಣ. ಆದರೆ ರಜೆಯಲ್ಲಿರುವ ಶಿಕ್ಷಕರ ಅವಧಿಗಳನ್ನೆಲ್ಲ ಅವರ ಮೇಲೆ ಹೇರುವುದು ಬೇಡ. ಎರಡು ಪಾಠಗಳ ನಡುವೆ ಹಿಮ್ಮಾಹಿತಿಗೆ, ಉಸಿರಾಡುವುದಕ್ಕೆ ಬಿಡುವಿರಲಿ.